ಗ್ಯಾರಿ ಹಿಂಜ್ ಸತ್ತಿಲ್ಲ, ಯಾಕಂದ್ರೆ ಹುಟ್ಟೇ ಇಲ್ಲ

ಪ್ರಶ್ನೆ: ಸರ್, ಹೋದ ಶನಿವಾರ ರಾತ್ರಿ ನಾನೂ ನಮ್ಮ ಸೋದರತ್ತೆ ಮಗನೂ ಸೇರ್ಕೊಂಡು 'ಹಾರರ್ ಇನ್ ದಿ ಹೈ ಡೆಸರ್ಟ್' ಅಂತ ಒಂದು ಡಾಕ್ಯುಮೆಂಟರಿ ನೋಡಿದ್ವಿ. ಅಮೆರಿಕದ ನೆವಾಡಾ ಮರುಭೂಮೀಲಿ ಗ್ಯಾರಿ ಹಿಂಜ್ ಅನ್ನೋನು ಒಬ್ನೇ ಸುತ್ತಾಡಕ್ಕೆ ಹೋಗಿ ಕಾಣೆಯಾಗ್ತಾನೆ, ಅವನ ಒಡಹುಟ್ಟಿದವಳು, ರೂಂಮೇಟು, ಟೀವಿ ರಿಪೋರ್ಟರು, ಪತ್ತೇದಾರ ಎಲ್ಲಾ ಕೂತು ಮಾತಾಡ್ತಾರೆ, ಕೊನೇಲಿ ಅವನ ಕ್ಯಾಮೆರಾದಲ್ಲಿದ್ದ ವಿಡಿಯೋ ತೋರಿಸ್ತಾರೆ. ಅವತ್ತು ಲೈಟ್ ಆರಿಸಿ ಮಲಗಕ್ಕೇ ಆಗ್ಲಿಲ್ಲ. ಬೆಳಿಗ್ಗೆ ಹುಡುಕಿದ್ರೆ ಎಲ್ಲಾ ಸುಳ್ಳು, ಸಿನಿಮಾ ಅದು ಅಂತಾರೆ. ನಮ್ಮ ಭಾವ ಮಾತ್ರ ಸರ್ಕಾರನೇ ಮುಚ್ಚಿಹಾಕಿದೆ ಅಂತ ಪಟ್ಟು ಹಿಡಿದು ಕೂತಿದಾನೆ. ಯಾವ್ದು ನಿಜ? ಇಷ್ಟು ಕಮ್ಮಿ ದುಡ್ಡಲ್ಲಿ ಹೀಗೆ ಹೆಂಗೆ ನಂಬಿಸ್ತಾರೆ? ಮತ್ತೆ ಇದು ಮೋಸ ಅಲ್ವಾ? (ದಾವಣಗೆರೆಯ ಓದುಗರೊಬ್ಬರು)

ಉತ್ತರ: ಮೊದ್ಲು ನಿಮ್ಮ ಭಾವನಿಗೆ ಹೇಳ್ಬಿಡಿ, ಮುಚ್ಚಿಹಾಕೋಕೆ ಅಲ್ಲಿ ಏನಾದ್ರೂ ಇರ್ಬೇಕಲ್ಲ. ಗ್ಯಾರಿ ಹಿಂಜ್ ಅನ್ನೋ ಮನುಷ್ಯ ಯಾವತ್ತೂ ಇರ್ಲಿಲ್ಲ. ಅದು 2021ರ ಸಿನಿಮಾ, ಗ್ಯಾರಿ ಪಾರ್ಟು ಮಾಡಿರೋದು ಎರಿಕ್ ಮೆನ್ಸಿಸ್ ಅನ್ನೋ ನಟ, ಬರೆದು ಡೈರೆಕ್ಟ್ ಮಾಡಿರೋರ ಹೆಸರು ಡಚ್ ಮಾರಿಚ್. ರಾಮಾಯಣದ ಮಾರೀಚನಿಗೂ ಇವರಿಗೂ ಏನೂ ಸಂಬಂಧ ಇಲ್ಲ, ಆದ್ರೂ ಏನೋ ಒಂದು ಆಸೆ ತೋರಿಸಿ ಜನಾನ ಕಾಡಿಗೆ ಎಳ್ಕೊಂಡು ಹೋಗೋದ್ರಲ್ಲಿ ಹೆಸರಿಗೆ ತಕ್ಕ ಹಾಗೇ ಇದಾರೆ ಅಂತ ನನಗೆ ಪ್ರತಿ ಸಲ ನಗು ಬರುತ್ತೆ. 2023ರಲ್ಲೊಂದು 2024ರಲ್ಲೊಂದು ಮುಂದಿನ ಭಾಗನೂ ಮಾಡಿದಾರೆ. ಕೊನೇಲಿ ಹೆಸರುಗಳು ಬರೋವಾಗ ಯಾರು ಯಾವ ಪಾತ್ರ ಅಂತ ಹಾಕಿರ್ತಾರೆ, ಆದ್ರೆ ಅಷ್ಟೊತ್ತಿಗೆ ನೀವಿಬ್ರೂ ಟೀವಿ ಆಫ್ ಮಾಡಿ ಬಾಗಿಲು ಚಿಲಕ ಸರಿಯಾಗಿ ಹಾಕಿದ್ಯಾ ಅಂತ ನೋಡಕ್ಕೆ ಎದ್ದಿರ್ತೀರ.

ನಾನು ಕೂತು ಕೆಲಸ ಮಾಡೋದು ಎಡಿಟಿಂಗ್ ಟೇಬಲ್ ಮುಂದೆ. ಶುರುವಿನಲ್ಲಿ ಕೆಲವು ವರ್ಷ ಒಂದು ಕನ್ನಡ ಚಾನೆಲ್ಲಿಗೆ ಕ್ರೈಂ ಎಪಿಸೋಡುಗಳನ್ನ ಕಟ್ ಮಾಡಿದೀನಿ, ಈಗ ಡಾಕ್ಯುಮೆಂಟರಿ ಮಾಡೋರ ಜೊತೆ ಇದೀನಿ. ಹಾಗಾಗಿ ನಿಮ್ಮ ಎರಡನೇ ಪ್ರಶ್ನೆಗೇ ಜಾಸ್ತಿ ಹೇಳ್ತೀನಿ, ಯಾಕಂದ್ರೆ ಅದರಲ್ಲೇ ಒಂದು ತಪ್ಪು ಅಡಗಿದೆ. ಇಷ್ಟು ಕಮ್ಮಿ ದುಡ್ಡಲ್ಲಿ ಹೆಂಗೆ ನಂಬಿಸಿದ್ರು ಅಂತೀರಲ್ಲ, ಕಮ್ಮಿ ದುಡ್ಡು ಅಂತಾನೇ ನೀವು ನಂಬಿದ್ದು. ಅದೇ ಕಥೆಗೆ ನೂರು ಕೋಟಿ ಸುರಿದು, ಗೊತ್ತಿರೋ ಹೀರೋ ಮುಖ ಹಾಕಿ, ಮರುಭೂಮಿ ಮೇಲೆ ಬಂಗಾರದ ಬಣ್ಣದ ಬಿಸಿಲು ಬಿಟ್ಟಿದ್ರೆ ಎರಡನೇ ನಿಮಿಷಕ್ಕೇ 'ಓ ಪಿಕ್ಚರು' ಅಂತ ಆರಾಮಾಗಿ ಕಡಲೆಕಾಯಿ ತಿನ್ಕೊಂಡು ನೋಡ್ತಿದ್ರಿ. ಇಲ್ಲಿ ಏನಿತ್ತು, ಒಂದು ಕುರ್ಚಿ, ಹಿಂದೆ ಒಂದು ಕರ್ಟನ್ನು, ಮುಖದ ಒಂದು ಕಡೆಗೆ ಮಾತ್ರ ಬೆಳಕು. ನಮ್ಮ ಕಣ್ಣು ಚಿಕ್ಕಂದಿನಿಂದ ಟೀವಿ ನೋಡಿ ಪಳಗಿದೆ ನೋಡಿ, ಸಿಸಿಟಿವಿ ಮಬ್ಬಾಗಿರುತ್ತೆ, ಯಾರೋ ಓಡ್ತಾ ತೆಗೆದ ಮೊಬೈಲ್ ವಿಡಿಯೋ ಅಲ್ಲಾಡ್ತಾ ಇರುತ್ತೆ, ಅಳ್ತಾ ಇರೋ ತಾಯಿ ಮುಖಕ್ಕೆ ಯಾರೂ ಲೈಟ್ ಹಿಡಿಯಲ್ಲ. ಚೆನ್ನಾಗಿ ಕಾಣದೆ ಇರೋದು ನಿಜ ಅಂತ ತಲೇಲಿ ಕೂತ್ಬಿಟ್ಟಿದೆ. ಇಂಥ ಸಿನಿಮಾಗಳು ಬಡತನಾನ ವೇಷದ ಹಾಗೆ ಹಾಕ್ಕೊಳ್ಳೋದು ಅದಕ್ಕೇ.

ಇದು ಹೊಸ ಉಪಾಯ ಏನಲ್ಲ. 1998ರಲ್ಲಿ 'ದಿ ಲಾಸ್ಟ್ ಬ್ರಾಡ್‌ಕಾಸ್ಟ್' ಅಂತ ಒಂದು ಬಂತು, ಸ್ಟೆಫನ್ ಅವಲೋಸ್, ಲ್ಯಾನ್ಸ್ ವೈಲರ್ ಅಂತ ಇಬ್ರು ಸೇರಿ ಮಾಡಿದ್ದು, ಖರ್ಚು 900 ಡಾಲರ್. ನ್ಯೂಜರ್ಸಿಯ ಪೈನ್ ಬ್ಯಾರೆನ್ಸ್ ಕಾಡಲ್ಲಿ ಲೋಕಲ್ ಕೇಬಲ್ ಶೋ ಮಾಡೋರ ಕೊಲೆ ಆಗಿದೆ, ಅದರ ಬಗ್ಗೆ ಒಬ್ಬ ಡಾಕ್ಯುಮೆಂಟರಿ ಮಾಡ್ತಿದಾನೆ ಅನ್ನೋ ವೇಷ, ಎಡಿಟಿಂಗ್ ಎಲ್ಲಾ ಮನೇಲಿರೋಂಥ ಕಂಪ್ಯೂಟರಲ್ಲೇ. ಮರುವರ್ಷ 'ಬ್ಲೇರ್ ವಿಚ್ ಪ್ರಾಜೆಕ್ಟ್' ಬಂದು ಜಗತ್ತೆಲ್ಲ ಸೇರಿ ಸುಮಾರು 24.8 ಕೋಟಿ ಡಾಲರ್ ಬಾಚ್ಕೊಂಡಿದ್ದು ನಿಮಗೆ ಗೊತ್ತಿರ್ಬಹುದು. ಮೇರಿಲ್ಯಾಂಡಿನ ಕಾಡಲ್ಲಿ ಎಂಟೇ ದಿನದ ಶೂಟಿಂಗು, ಕ್ಯಾಮೆರಾ ನಟರ ಕೈಯಲ್ಲೇ, ಜೊತೆಗೆ ಆ ಮೂವರು ಕಾಣೆಯಾಗಿದಾರೆ, ಸತ್ತಿರ್ಬೇಕು ಅಂತಾನೇ ಪ್ರಚಾರ. ನಟಿಯ ತಾಯಿಗೆ ಜನ ಸಂತಾಪದ ಕಾರ್ಡು ಕಳಿಸಿದ್ರಂತೆ, ಮಗಳು ಗುಂಡುಕಲ್ಲಿನ ಹಾಗೆ ಬದುಕಿದಾಳೆ ಪಾಪ.

ನಮ್ಮಲ್ಲೂ ಆಯ್ತಲ್ಲ ಇದು. 2013ರಲ್ಲಿ ಕೆ.ಎಸ್. ಅಶೋಕ ಅವರ '6-5=2' ಬಂತು, ಟ್ರೆಕ್ಕಿಂಗ್ ಹೋದ ಹುಡುಗ್ರ ಕ್ಯಾಮೆರಾದಲ್ಲಿ ಸಿಕ್ಕಿದ ದೃಶ್ಯ ಇದು ಅಂತ ಹೇಳ್ಕೊಂಡೇ ಬಂತು. ಥಿಯೇಟರಿಂದ ಹೊರಗೆ ಬಂದೋರು ಅದು ಯಾವ ಕಾಡು, ಕೇಸ್ ಏನಾಯ್ತು ಅಂತ ಕೇಳ್ತಾ ಇದ್ದಿದ್ದನ್ನ ನಾನೇ ಕೇಳಿದೀನಿ. ಸಿನಿಮಾದ ಆ ಟ್ರೆಕ್ಕಿಂಗ್ ಗುಂಪಲ್ಲಿದ್ದ ನಟ ವಿಜಯ್ ಚೆಂಡೂರ್ ಆಮೇಲೆ ಬೇರೆ ಸಿನಿಮಾಗಳಲ್ಲಿ ಕಾಮಿಡಿ ಮಾಡ್ಕೊಂಡು ಕಾಣಿಸ್ಕೊಂಡಾಗ ನನ್ನ ಫ್ರೆಂಡೊಬ್ಬ 'ಏ ಇವನು ಕಾಡಲ್ಲಿ ಹೋದೋನಲ್ವಾ' ಅಂದ, ಅರ್ಧ ತಮಾಷೆಗೆ, ಇನ್ನರ್ಧ ನಿಜವಾಗ್ಲೂ.

ದುಡ್ಡಿನ ವಿಷಯಕ್ಕೆ ವಾಪಸ್ ಬರೋಣ. ನೀವು ನೋಡಿದ್ದರಲ್ಲಿ ಹತ್ತಿರ ಹತ್ತಿರ ಒಂದು ಗಂಟೆ ಬರೀ ಮಾತು, ಕೊನೇಲಿ ಸುಮಾರು ಇಪ್ಪತ್ತು ನಿಮಿಷ ಕತ್ತಲಲ್ಲಿ ಓಡಾಡೋ ಕ್ಯಾಮೆರಾ. ಮಾತಾಡೋ ಸೀನಿಗೆ ಏನ್ ಖರ್ಚು ಹೇಳಿ, ಒಂದೇ ಮನೆ ಸಾಕು, ಕರ್ಟನ್ ಬದಲಾಯಿಸಿ ಕುರ್ಚಿ ಆಚೆ ತಿರುಗಿಸಿದ್ರೆ ಇನ್ನೊಬ್ರ ಮನೆ, ಒಬ್ಬ ನಟನ್ನ ಒಂದು ದಿನ ಕರೆಸಿದ್ರೆ ಅರ್ಧ ಪಿಕ್ಚರಿಗೆ ಆಗೋಷ್ಟು ಬೈಟ್, ಅಂದ್ರೆ ಮಾತಿನ ತುಣುಕು, ಸಿಗುತ್ತೆ. ಹೆಲಿಕಾಪ್ಟರಲ್ಲಿ ಹುಡುಕಿದ್ರು ಅಂತ ಬಾಯಲ್ಲಿ ಹೇಳಿದ್ರೆ ಸಾಕು, ಹೆಲಿಕಾಪ್ಟರ್ ಬೇಡ. ನೀವು ತಾಳಮದ್ದಳೆ ನೋಡಿದೀರಾ? ವೇಷ ಇಲ್ಲ, ಕುಣಿತ ಇಲ್ಲ, ಬಿಳಿ ಪಂಚೆ ಶರ್ಟ್ ಹಾಕ್ಕೊಂಡು ಐದಾರು ಜನ ಕೂತು ಮಾತಾಡ್ತಾರೆ ಅಷ್ಟೇ, ಆದ್ರೂ ಕರ್ಣನ ರಥದ ಗಾಲಿ ಹೂತುಹೋಗೋದು ನಿಮ್ಮ ಕಣ್ಮುಂದೆ ಕಾಣ್ಸುತ್ತೆ. ತೋರಿಸ್ಬೇಕಾದ್ದನ್ನ ಹೇಳಿ ಮುಗಿಸೋ ಕಲೆ ಅದು, ಇದೂ ಅದೇ ಜಾತಿ.

ತಾಳಮದ್ದಳೇಲಿ ಇನ್ನೊಂದು ಗುಟ್ಟಿದೆ ನೋಡಿ. ಪ್ರಸಂಗದ ಪದ್ಯ ಬರೆದಿರೋದು, ಆದ್ರೆ ಅರ್ಥ ಹೇಳೋರ ಮಾತು ಬರೆದಿರೋದಲ್ಲ, ಆ ಕ್ಷಣಕ್ಕೆ ಹುಟ್ಟೋದು. 2008ರ ಆಸ್ಟ್ರೇಲಿಯಾದ 'ಲೇಕ್ ಮುಂಗೋ' ಅಂತ ಒಂದಿದೆ, ಜೋಯಲ್ ಆಂಡರ್ಸನ್ ಮಾಡಿದ್ದು, ಅರಾರಟ್ ಅನ್ನೋ ಸಣ್ಣ ಊರಲ್ಲಿ ಹದಿನಾರು ವರ್ಷದ ಹುಡುಗಿ ನೀರಲ್ಲಿ ಮುಳುಗಿ ಸತ್ತಿದಾಳೆ, ಮನೆಯೋರು ಮಾತಾಡ್ತಾರೆ. ಅದರಲ್ಲೂ ನಟರಿಗೆ ಡೈಲಾಗ್ ಬರೆದು ಕೊಡ್ಲಿಲ್ಲ, ಹೀಗ್ ಹೀಗಾಯ್ತು ಅನ್ನೋ ಕಥೆ ಎಳೆ ಮಾತ್ರ ಕೊಟ್ಟು ಪ್ರಶ್ನೆ ಕೇಳಿ ರೋಲ್ ಮಾಡಿದ್ರು. ಅದಕ್ಕೇ ಅಪ್ಪ ಮಗಳ ಹೆಣ ಗುರುತು ಹಿಡಿಯೋದನ್ನ ಹೇಳೋವಾಗ ಮಾತು ತಡವರಿಸುತ್ತೆ, ಆ ತಡವರಿಕೆ ಯಾರೂ ಬರೆಯೋಕೆ ಆಗಲ್ಲ. ಇಡೀ ಪ್ರಕಾರದಲ್ಲಿ ನನಗೆ ಒಂದೇ ಉಳಿಸ್ಕೊಳ್ಳಿ ಅಂದ್ರೆ ಇದನ್ನೇ ಉಳಿಸ್ಕೊಳ್ತೀನಿ. ನೀವು ನೋಡಿದ್ದು ಅದರ ಮುಂದೆ ಸ್ವಲ್ಪ ಒರಟು, ರಿಪೋರ್ಟರಮ್ಮ ಕೆಲವು ಕಡೆ ಬಾಯಿಪಾಠ ಒಪ್ಪಿಸಿದ ಹಾಗೆ ಅನ್ಸುತ್ತೆ, ಆದ್ರೆ ಟೀವಿ ರಿಪೋರ್ಟರುಗಳು ನಿಜವಾಗ್ಲೂ ಹಾಗೇ ಮಾತಾಡ್ತಾರಾದ್ದರಿಂದ ನಡೆದುಹೋಗುತ್ತೆ!

ಇನ್ನು ಟೇಬಲ್ ಮೇಲಿನ ಕೆಲಸ. ಹೆಸರು ಹುದ್ದೆ ಬರೋ ಪಟ್ಟಿಗೆ ನಾವು ಆಸ್ಟನ್ ಅಂತೀವಿ, ಅದನ್ನ ಹಾಕಿದ ತಕ್ಷಣ ಯಾರು ಬೇಕಾದ್ರೂ ತಜ್ಞರಾಗ್ತಾರೆ, ನಮ್ಮ ಆಫೀಸ್ ಬಾಯ್‌ನ ಕೂರಿಸಿ ಕೆಳಗೆ 'ನಿವೃತ್ತ ಪೊಲೀಸ್ ಅಧಿಕಾರಿ' ಅಂತ ಹಾಕಿದ್ರೆ ನೀವು ಅವನ ಮೀಸೆ ನೋಡಿ ಹೌದೌದು ಅಂತೀರ. ಮಾತಿನ ಮಧ್ಯ ಕತ್ತರಿಸಿದ ಜಾಗ ಮುಚ್ಚೋಕೆ ಖಾಲಿ ರೋಡು, ತಂತಿಬೇಲಿ, ಹಳೇ ಫೋಟೋ ಮೇಲೆ ನಿಧಾನಕ್ಕೆ ಹತ್ರ ಹೋಗೋ ಝೂಮು. ಅದೆಲ್ಲಕ್ಕಿಂತ ಜಾಸ್ತಿ ಕೆಲಸ ಮಾಡೋದು ಆಂಬಿಯನ್ಸು, ಅಂದ್ರೆ ರೂಮಿನ ಸದ್ದು, ಫ್ರಿಜ್ಜಿನ ಗುಂಯ್ ಅನ್ನೋದು, ಹೊರಗೆ ಹೋದ ಗಾಡಿ. ನಿಜವಾದ ಶೂಟಲ್ಲಿ ಅದನ್ನ ತೆಗೆಯೋಕೆ ಒದ್ದಾಡ್ತೀವಿ, ಸುಳ್ಳು ಡಾಕ್ಯುಮೆಂಟರೀಲಿ ಹುಡುಕಿ ತಂದು ಸೇರಿಸ್ತಾರೆ. ಕೊನೇ ಭಾಗಕ್ಕಂತೂ ಕತ್ತಲೇ ಸೆಟ್ಟು, ಕ್ಯಾಮೆರಾದ ರಾತ್ರಿ ಮೋಡ್ ಬೆಳಕು ಎರಡು ಮಾರಿನಾಚೆ ಸಾಯುತ್ತೆ, ಅದರಾಚೆ ಇರೋದನ್ನ ನಿಮ್ಮ ತಲೆ ಪುಕ್ಕಟೆ ಕಟ್ಟಿಕೊಡುತ್ತೆ.

ಹಾಗಾದ್ರೆ ಗುರುತು ಹಿಡಿಯೋದು ಹೆಂಗೆ ಅಂದ್ರೆ, ನಾನು ಮೊದಲು ನೋಡೋದು ಫೋಟೋ. ನಿಜವಾಗಿ ಬದುಕಿದ್ದ ಮನುಷ್ಯನ ಆಲ್ಬಮ್ಮಲ್ಲಿ ಅವನು ದಪ್ಪ ಆಗಿರ್ತಾನೆ ಸಣ್ಣ ಆಗಿರ್ತಾನೆ, ಕೆಟ್ಟ ಕಟಿಂಗ್ ಮಾಡಿಸ್ಕೊಂಡಿರೋ ಒಂದು ವರ್ಷ ಇರುತ್ತೆ, ಮದುವೆ ಮನೇಲಿ ಯಾರದ್ದೋ ತಲೆ ಹಿಂದೆ ಅರ್ಧ ಮುಖ ಕಾಣ್ತಿರುತ್ತೆ. ಕಮ್ಮಿ ಬಜೆಟ್ಟಿನ ಸುಳ್ಳಲ್ಲಿ ಐದಾರು ಫೋಟೋ, ಶರ್ಟ್ ಬೇರೆ ಬೇರೆ, ಕೂದಲು ಮಾತ್ರ ಒಂದೇ, ಎಲ್ಲಾ ಒಂದೇ ಮಧ್ಯಾಹ್ನ ತೆಗೆದಿದ್ದು ಅಂತ ಬೆಳಕು ನೋಡಿದ್ರೇ ಗೊತ್ತಾಗುತ್ತೆ. ಆಮೇಲೆ ವಕೀಲರು. ನಿಜವಾದ ಕೇಸಿನ ಡಾಕ್ಯುಮೆಂಟರೀಲಿ ಯಾರಾದ್ರೂ ಒಬ್ರು ಮಾತಾಡಲ್ಲ ಅಂತ ಹೇಳೇ ಹೇಳಿರ್ತಾರೆ, 'ಇವರು ಪ್ರತಿಕ್ರಿಯೆಗೆ ಸಿಗಲಿಲ್ಲ' ಅಂತ ಒಂದು ಕಪ್ಪು ಕಾರ್ಡ್ ಬರುತ್ತೆ, ಚಾನೆಲ್ ಲಾಯರು ನಾಲ್ಕು ಸಲ ನೋಡಿ ಎರಡು ವಾಕ್ಯ ಕಿತ್ತು ಹಾಕ್ಸಿರ್ತಾರೆ. ಸುಳ್ಳಿನ ಊರಲ್ಲಿ ಎಲ್ಲರೂ ಬಿಡುವಾಗಿರ್ತಾರೆ, ಎಲ್ಲರೂ ಕರೆದ ತಕ್ಷಣ ಬರ್ತಾರೆ.

ಮೂರನೇದು ಮಾತಿನ ರೀತಿ, ಇದನ್ನ ನನಗೆ ಕಲಿಸಿದ್ದು ಒಬ್ಬ ತಾಯಿ. ಆ ಕ್ರೈಂ ಎಪಿಸೋಡಿನ ದಿನಗಳಲ್ಲಿ, ಮಗನ್ನ ಕಳ್ಕೊಂಡ ಒಬ್ರು ಹೆಂಗಸಿನ ಟೇಪ್ ಬಂತು, ನಲವತ್ತು ನಿಮಿಷ. ಅದರಲ್ಲಿ ಮುಕ್ಕಾಲು ಪಾಲು ಅವರು ಮಾತಾಡಿದ್ದು ಕಾಫಿಪುಡಿ ಬಗ್ಗೆ. ಅವನಿಗೆ ಚಿಕೋರಿ ಜಾಸ್ತಿ ಇರೋದು ಆಗ್ತಿರ್ಲಿಲ್ಲ, ಅವತ್ತು ಅಂಗಡೀಲಿ ಬೇರೆ ಪುಡಿ ಕೊಟ್ಬಿಟ್ಟಿದ್ರು, ಅದಕ್ಕೆ ಅವನು ಅರ್ಧ ಲೋಟ ಬಿಟ್ಟು ಎದ್ದೋದ, ಆ ಪುಡಿ ಇನ್ನೂ ಡಬ್ಬೀಲಿದೆ. ನಡುವೆ ಒಂದ್ಸಲ ನಕ್ರು ಕೂಡ. ಪ್ರೊಡ್ಯೂಸರ್ ಹೇಳಿದ್ದು 'ಅಳೋದು ಎಲ್ಲಿದೆಯೋ ಅದನ್ನ ತೆಗಿ', ನಾನು ಹನ್ನೆರಡು ಸೆಕೆಂಡ್ ತೆಗೆದೆ, ಮಿಕ್ಕಿದ್ದು ಹೋಯ್ತು. ಸುಳ್ಳು ಡಾಕ್ಯುಮೆಂಟರಿ ಬರೆಯೋರು ನಾವು ಇಟ್ಕೊಂಡ ಆ ಹನ್ನೆರಡು ಸೆಕೆಂಡ್ ನೋಡಿ ಬರೀತಾರೆ, ಅವರ ತಾಯಂದಿರು ಕಥೆಗೆ ಬೇಕಾದ್ದನ್ನೇ ಹೇಳ್ತಾರೆ, ಕಾಫಿಪುಡಿ ಯಾರೂ ಹೇಳಲ್ಲ. ಮಾರೀಚ 'ಹಾ ಸೀತಾ, ಹಾ ಲಕ್ಷ್ಮಣಾ' ಅಂತ ಕೂಗಿದಾಗ ಲಕ್ಷ್ಮಣ ನಂಬ್ಲಿಲ್ಲ ನೋಡಿ, ಅಣ್ಣ ಹಾಗೆ ಕೂಗೋನಲ್ಲ ಅಂತ ಅವನಿಗೆ ಗೊತ್ತಿತ್ತು. ಸೀತೆಗೆ ದನಿ ಸಾಕಾಯ್ತು. ದನಿ ಕೇಳಿ ನಂಬೋರೇ ಜಾಸ್ತಿ, ನಿಮ್ಮ ಭಾವನೊಬ್ಬನೇ ಅಲ್ಲ.

ಇಷ್ಟೆಲ್ಲಾ ಬೇಡ ಒಂದೇ ಗುರುತು ಹೇಳಿ ಅಂದ್ರೆ, ಆ ಕೊನೇ ಇಪ್ಪತ್ತು ನಿಮಿಷನೇ ಗುರುತು. ನಿಜವಾದದ್ದು ನಿಮಗೆ ಅದನ್ನ ತೋರಿಸಲ್ಲ. 2003ರ ಅಕ್ಟೋಬರಲ್ಲಿ ಅಲಾಸ್ಕದ ಕಟ್ಮಾಯ್‌ನಲ್ಲಿ ಕರಡಿಗಳ ಜೊತೆ ಬೇಸಿಗೆ ಕಳೀತಿದ್ದ ಟಿಮೊತಿ ಟ್ರೆಡ್‌ವೆಲ್ ಮತ್ತೆ ಅವರ ಜೊತೆಗಿದ್ದಾಕೆ ಇಬ್ಬರೂ ಕರಡಿಗೆ ಬಲಿಯಾದ್ರು, ಕ್ಯಾಮೆರಾ ಆನ್ ಇತ್ತು, ಲೆನ್ಸಿನ ಮುಚ್ಚಳ ತೆಗೆದಿರ್ಲಿಲ್ಲ, ಹಾಗಾಗಿ ಬರೀ ಸದ್ದು ಉಳೀತು. ವರ್ನರ್ ಹರ್ಜೋಗ್ 2005ರಲ್ಲಿ 'ಗ್ರಿಜ್ಲಿ ಮ್ಯಾನ್' ಮಾಡಿದಾಗ ಆ ಟೇಪನ್ನ ಹೆಡ್‌ಫೋನ್ ಹಾಕ್ಕೊಂಡು ತಾನೊಬ್ನೇ ಕೇಳ್ತಾರೆ, ನಮಗೆ ಕಾಣೋದು ಅವರ ಬೆನ್ನು ಮತ್ತೆ ಎದುರಿಗೆ ಕೂತ ಟ್ರೆಡ್‌ವೆಲ್ ಗೆಳತಿಯ ಮುಖ. ತೆಗೆದಿಟ್ಟು ಹೇಳ್ತಾರೆ, ನೀನು ಇದನ್ನ ಯಾವತ್ತೂ ಕೇಳ್ಬೇಡ, ನಾಶ ಮಾಡು. ಅಷ್ಟೇ, ನಮಗೆ ಒಂದು ಸೆಕೆಂಡೂ ಕೇಳ್ಸಲ್ಲ. ನಿಜವಾದ ಸಾವಿನ ವಿಡಿಯೋ ಇದ್ರೂ ಅದು ಪೊಲೀಸರ ಹತ್ರ ಇರುತ್ತೆ, ಕೋರ್ಟಲ್ಲಿ ಇರುತ್ತೆ, ಮನೆಯೋರು ಬೇಡ ಅಂತಾರೆ, ಕಥೆ ಮಧ್ಯ ಒಂದು ತೂತು ಹಾಗೇ ಉಳ್ಕೊಳ್ಳುತ್ತೆ. ಸುಳ್ಳು ಡಾಕ್ಯುಮೆಂಟರಿ ಮಾತ್ರ ಆ ತೂತಿಗೇ ಟಿಕೆಟ್ ಮಾರುತ್ತೆ, ಒಂದು ಗಂಟೆ ಕಾಯ್ಸಿ ಆಮೇಲೆ ಪೂರ್ತಿ ತುಂಬಿಸಿ ಕೊಡುತ್ತೆ.

ಇಲ್ಲಿ ಒಂದು ಮಾತು ಒಪ್ಕೋಬೇಕು, ನಿಜಕ್ಕೂ ನಟನೆಗೂ ಮಧ್ಯದ ಗೆರೆ ಅಳಿಸೋ ಕೆಲಸ ಸುಳ್ಳು ಡಾಕ್ಯುಮೆಂಟರಿ ಮಾಡೋರೇ ಶುರು ಮಾಡಿದ್ದಲ್ಲ. 1988ರಲ್ಲಿ ಎರಲ್ ಮಾರಿಸ್ 'ದಿ ಥಿನ್ ಬ್ಲೂ ಲೈನ್' ಮಾಡಿದ್ರು, ಡಲ್ಲಾಸಲ್ಲಿ 1976ರಲ್ಲಿ ಪೊಲೀಸ್ ಅಧಿಕಾರಿಯೊಬ್ಬರ ಕೊಲೆ ಆಗಿ ರಾಂಡಲ್ ಆಡಮ್ಸ್ ಅನ್ನೋರು ತಪ್ಪಾಗಿ ಜೈಲಿಗೆ ಹೋಗಿದ್ದ ಕೇಸು, ಸಿನಿಮಾ ಬಂದ ಮರುವರ್ಷ ಅವರು ಹೊರಗೆ ಬಂದ್ರು. ಅದರಲ್ಲಿ ಸಾಕ್ಷಿಗಳು ಒಬ್ಬೊಬ್ರು ಹೇಳಿದ ಹಾಗೆ ಅದೇ ಘಟನೇನ ಮತ್ತೆ ಮತ್ತೆ ನಟರಿಂದ ಮಾಡ್ಸಿ ತೋರಿಸ್ತಾರೆ, ಪ್ರತಿ ಸಲ ಬೇರೆ ಥರ, ನೋಡೋನಿಗೆ ಅನುಮಾನ ಬರ್ಲಿ ಅಂತ. ಆಮೇಲೆ ಬಂದ ಟೀವಿಯೋರು ಅನುಮಾನ ಬಿಟ್ಟು ನಟನೆ ಮಾತ್ರ ಇಟ್ಕೊಂಡ್ರು. ನಮ್ಮ ಕ್ರೈಂ ಎಪಿಸೋಡುಗಳಲ್ಲಿ ಮರುಸೃಷ್ಟಿ ಅಂತ ಮೂಲೇಲಿ ಸಣ್ಣ ಅಕ್ಷರ ಹಾಕ್ತಿದ್ವಲ್ಲ, ಅದನ್ನ ಯಾರು ಓದ್ತಾರೆ? ನಮಗೆ ಕೊಲೆಗಾರನ ಪಾರ್ಟು ಮಾಡ್ತಿದ್ದ ಒಬ್ಬ ಜೂನಿಯರ್ ಆರ್ಟಿಸ್ಟ್ ಇದ್ದ, ಬಹಳ ಸಾಧು ಹುಡುಗ, ಅವನಿಗೆ ಬಾಡಿಗೆ ಮನೆ ಸಿಗೋದೇ ಕಷ್ಟ ಆಗಿತ್ತು.

ಈಗ ಮೋಸನಾ ಅನ್ನೋ ಪ್ರಶ್ನೆ. ನೀವು ನೋಡಿದ್ದನ್ನ ನಾನು ಮೋಸ ಅನ್ನಲ್ಲ, ಕೊನೇಲಿ ಹೆಸರು ಹಾಕಿದಾರೆ, ಹುಡುಕಿದ ಐದು ನಿಮಿಷಕ್ಕೆ ನಿಮಗೇ ಸಿಕ್ತಲ್ಲ. ನೆವಾಡಾದಲ್ಲಿ ಹೀಗೇ ಒಬ್ನೇ ಹೋಗಿ ನಿಜವಾಗ್ಲೂ ಕಾಣೆಯಾದ ಒಬ್ಬರ ನೆರಳು ಈ ಕಥೆ ಮೇಲಿದೆ ಅಂತ ಬಹಳ ಜನ ಗುರುತಿಸಿದಾರೆ, ಆ ಹೆಸರು ನಾನು ಬರೆಯಲ್ಲ, ಅವರಿಗೆ ಮನೆಯೋರಿದಾರೆ. ಸಿನಿಮಾನೂ ಆ ಹೆಸರು ಬಳಸ್ಕೊಂಡಿಲ್ಲ, ಅಷ್ಟು ಮರ್ಯಾದೆ ಉಳಿಸ್ಕೊಂಡಿದೆ. ನನಗೆ ಸಿಟ್ಟು ಬರೋದು 2009ರ 'ದಿ ಫೋರ್ತ್ ಕೈಂಡ್' ಥರದ್ದನ್ನ ನೋಡಿದಾಗ, ಅದು ಬಡ ಸಿನಿಮಾ ಅಲ್ಲ, ಯೂನಿವರ್ಸಲ್ ಅಂಥ ದೊಡ್ಡ ಕಂಪನಿ ಬಿಡುಗಡೆ ಮಾಡಿದ್ದು. ಅಲಾಸ್ಕದ ನೋಮ್ ಅನ್ನೋ ಊರಲ್ಲಿ ಜನ ಕಾಣೆಯಾಗ್ತಿರೋದು ಅನ್ಯಗ್ರಹದೋರು ಎತ್ಕೊಂಡು ಹೋಗೋದ್ರಿಂದ, ಇದು ನಿಜವಾದ ಟೇಪು ಅಂತ ಕಥೆ ಕಟ್ಟಿದ್ರು. ಆ ಊರಲ್ಲಿ ನಿಜವಾಗ್ಲೂ ಜನ ಸತ್ತಿದ್ರು, ಕಾಣೆಯಾಗಿದ್ರು, ಬಹುಪಾಲು ಅಲ್ಲಿನ ಮೂಲನಿವಾಸಿಗಳು, ಎಫ್‌ಬಿಐ ಬಂದು ನೋಡಿ ಕುಡಿತ ಮತ್ತೆ ಚಳಿ ಅಂತ ಹೇಳಿ ಹೋಗಿತ್ತು. ಅಣ್ಣ ತಮ್ಮನ್ನ ಕಳ್ಕೊಂಡೋರು ಪೋಸ್ಟರಲ್ಲಿ ತಮ್ಮೂರಿನ ಹೆಸರು ನೋಡ್ಬೇಕಾಯ್ತು. ಸಾಲದ್ದಕ್ಕೆ ಅಲಾಸ್ಕದ ನಿಜವಾದ ಪತ್ರಿಕೆಗಳ ಹೆಸರಲ್ಲಿ ಸುಳ್ಳು ವರದಿ ಮಾಡಿ ಇಂಟರ್ನೆಟ್ಟಿಗೆ ಬಿಟ್ಟಿದ್ರು, ಪತ್ರಿಕೆಯೋರು ತಿರುಗಿಬಿದ್ದ ಮೇಲೆ ಅಲಾಸ್ಕ ಪ್ರೆಸ್ ಕ್ಲಬ್ಬಿಗೆ 20 ಸಾವಿರ ಡಾಲರ್ ಕೊಟ್ಟು ರಾಜಿ ಮಾಡ್ಕೊಂಡ್ರು. ಡಿಸ್ಕವರಿ ಚಾನೆಲ್ 2013ರಲ್ಲಿ ನಟರಿಗೆ ವಿಜ್ಞಾನಿಗಳ ವೇಷ ಹಾಕ್ಸಿ ಮೆಗಲೋಡಾನ್ ಶಾರ್ಕ್ ಇನ್ನೂ ಬದುಕಿದೆ ಅಂತ ತೋರಿಸಿದ್ದೂ ನನ್ನ ಲೆಕ್ಕದಲ್ಲಿ ಇದೇ ಸಾಲು, ಯಾಕಂದ್ರೆ ಆ ಚಾನೆಲ್ಲನ್ನ ಮಕ್ಕಳು ಪಾಠದ ಥರ ನೋಡ್ತಾರೆ. ಸುಳ್ಳನ್ನ ಸ್ವಂತ ಬಂಡವಾಳದಲ್ಲಿ ಹೇಳಿದ್ರೆ ನನ್ನದೇನೂ ತಕರಾರಿಲ್ಲ, ಬೇರೆಯೋರ ನಂಬಿಕೆ ಅಡವಿಟ್ಟು ಹೇಳಿದ್ರೆ ಮಾತ್ರ ತಕರಾರು.

ನಿಮ್ಮ ಭಾವನ ಜೊತೆ ವಾದಕ್ಕೆ ಕೂರ್ಬೇಡಿ, ಎರಿಕ್ ಮೆನ್ಸಿಸ್ ಫೋಟೋ ತೋರಿಸಿದ್ರೂ 'ಅದೂ ಅವರೇ ಹಾಕಿರೋದು' ಅಂತಾನೆ. ಬರೋ ಶನಿವಾರ 'ಲೇಕ್ ಮುಂಗೋ' ಹಾಕಿ. ಭೂತ ಮೈಮೇಲೆ ಹಾರೋದು ಅದೆಲ್ಲಾ ಇರಲ್ಲ, ಅರ್ಧಕ್ಕೆ ಅವನಿಗೆ ಬೋರಾಗ್ಬಹುದು. ಮುಗೀತು ಅಂತ ಹೆಸರುಗಳು ಬರೋಕೆ ಶುರುವಾದಾಗ ಅವನು ರಿಮೋಟ್ ಎತ್ಕೊಳ್ತಾನಲ್ಲ, ಆಗ ಕೈ ಹಿಡ್ಕೊಳ್ಳಿ. ನೀವಿಬ್ರೂ ಆಗ್ಲೇ ನೋಡಿರೋ ದೃಶ್ಯಗಳೇ ಮತ್ತೆ ಬರ್ತವೆ, ಈ ಸಲ ಮುಂದೆ ಇರೋರನ್ನ ಬಿಟ್ಟು ಹಿಂದೆ ನೋಡಿ. ಲೈಟ್ ಆರಿಸೋದು ಬಿಡೋದು ಆಮೇಲೆ ನಿಮಗೆ ಬಿಟ್ಟಿದ್ದು.